ಉಪ್ಪಿನಕಾಯಿ ವ್ಯಾಪಾರಕ್ಕೆ ವೆಬ್‌ಸೈಟ್: ಎಷ್ಟು ದುಡ್ಡು ಹಾಕಬಹುದು?

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯಲ್ಲಿ ಆರು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಕಳೆದ ವರ್ಷ ಅರ್ಧ ಕೇಜಿಯ 1,800 ಬಾಟಲಿ ಹೋಯಿತು. ಒಂದಕ್ಕೆ 320 ರೂಪಾಯಿ. ಮಿಡಿ, ಎಣ್ಣೆ, ಮೆಣಸು, ಬಾಟಲಿ, ಕೂಲಿ ಎಲ್ಲ ಕಳೆದು 90 ರೂಪಾಯಿ ಉಳಿಯುತ್ತದೆ. ಕೆಲವರು ಮನೆಗೇ ಬಂದು ಒಯ್ಯುತ್ತಾರೆ, ಉಳಿದವರು ವಾಟ್ಸಾಪ್‌ನಲ್ಲಿ ಹೇಳಿ ಪಾರ್ಸೆಲ್ ತರಿಸುತ್ತಾರೆ. ಹೆಚ್ಚಿನವರು ಬೆಂಗಳೂರು, ಮೈಸೂರಿನವರು, ಪುಣೆಯವರೂ ಕೆಲವರು ಇದ್ದಾರೆ. ಈ ಸಲ ಜಾಸ್ತಿ ಮಿಡಿ ಉಪ್ಪಿಗೆ ಹಾಕಿದ್ದೇನೆ, 2,500 ಬಾಟಲಿ ಆಗಬಹುದು. ರಾತ್ರಿ ಹನ್ನೊಂದಾದರೂ ಮೆಸೇಜಿಗೆ ಉತ್ತರ ಕೊಡುವುದೇ ಆಗಿದೆ. ಅದಕ್ಕೆ ವೆಬ್‌ಸೈಟ್ ಮಾಡಿಸೋಣ ಅಂತ ಕೇಳಿದರೆ ಬೆಂಗಳೂರಿನ ಒಂದು ಕಂಪನಿ 85,000 ಮತ್ತು ಜಿಎಸ್‌ಟಿ ಅಂದಿತು. ಎರಡನೇ ವರ್ಷದಿಂದ ನಿರ್ವಹಣೆಗೆ 24,000 ಬೇರೆ, ಅದಕ್ಕೂ ಜಿಎಸ್‌ಟಿ. ಸಾಗರದ ಒಬ್ಬ ಹುಡುಗ 9,000ಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾನೆ. ನನ್ನ ತಮ್ಮನ ಮಗ ಇನ್‌ಸ್ಟಾಗ್ರಾಂ ಸಾಕು, ವೆಬ್‌ಸೈಟ್ ಯಾಕೆ ಅನ್ನುತ್ತಾನೆ. ನಿಜವಾಗಿ ಎಷ್ಟು ಹಾಕಬೇಕು? ಹೆಸರನ್ನು ಕನ್ನಡದಲ್ಲೇ ಇಡಬಹುದಾ?

ಉತ್ತರ:

ಅಕ್ಕಾ, ನಾನೇ ವೆಬ್‌ಸೈಟ್ ಮಾಡಿಕೊಡುವ ಕೆಲಸದವನು. ಹದಿನೈದು ವರ್ಷ ಆಯಿತು. ಹಾಗಾಗಿ 'ಜಾಸ್ತಿ ಹಾಕಿ' ಅನ್ನುವುದೇ ನನಗೆ ಲಾಭ. ಆದರೂ ಹೇಳುತ್ತೇನೆ, ನಿಮ್ಮ ಕಾಗದದಲ್ಲಿ ಇರುವ ಲೆಕ್ಕದ ಪ್ರಕಾರ ಈ ವರ್ಷ ಎಲ್ಲ ಸೇರಿ 25,000 ದಾಟಬೇಡಿ. ಅದರಲ್ಲೂ ವೆಬ್‌ಸೈಟ್ ಅಂತ ಹೋಗಬೇಕಾದ್ದು ಅರ್ಧದ ಮೇಲೆ ಸ್ವಲ್ಪ ಮಾತ್ರ. ಈ 25,000 ಎಲ್ಲಿಂದ ಬಂತು ಅನ್ನುವುದು ಮುಖ್ಯ, ಯಾಕೆಂದರೆ ಮುಂದಿನ ವರ್ಷ ನಿಮ್ಮ ಅಂಕಿಗಳು ಬದಲಾದಾಗ ಉತ್ತರವೂ ಬದಲಾಗುತ್ತದೆ, ಆಗ ಲೆಕ್ಕ ನೀವೇ ಹಾಕಿಕೊಳ್ಳಬೇಕು.

ವ್ಯವಹಾರದ ಇಷ್ಟು ಪರ್ಸೆಂಟ್ ವೆಬ್‌ಸೈಟ್‌ಗೆ ಇಡಿ ಅಂತ ಯಾರಾದರೂ ಹೇಳಿದರೆ ಕೇಳಿ ಸುಮ್ಮನಾಗಿ. ಬಂಗಾರದ ಅಂಗಡಿಗೂ ಉಪ್ಪಿನಕಾಯಿಗೂ ಒಂದೇ ಪರ್ಸೆಂಟ್ ಹೇಗೆ ಹೊಂದುತ್ತದೆ? ನೀವು ನೋಡಬೇಕಾದ್ದು ಎರಡೇ: ಒಂದು ಬಾಟಲಿಯಲ್ಲಿ ಕೈಗೆ ಎಷ್ಟು ಉಳಿಯುತ್ತದೆ, ಇನ್ನೂ ಎಷ್ಟು ಬಾಟಲಿ ಮಾರುವ ಜಾಗ ನಿಮ್ಮಲ್ಲಿದೆ.

ಮೊದಲು ಆ 90 ರೂಪಾಯಿ. ಅದು ಮನೆಗೆ ಬಂದು ಒಯ್ಯುವವರ ಲೆಕ್ಕ ಅಂತ ಕಾಣುತ್ತದೆ. ಪಾರ್ಸೆಲ್ ಆದರೆ ರಟ್ಟಿನ ಪೆಟ್ಟಿಗೆ, ಬಬಲ್ ಶೀಟು, ಟೇಪು, ಆಗಾಗ ಒಡೆದ ಬಾಟಲಿಗೆ ಬದಲಿ ಕಳಿಸುವುದು, ಇದೆಲ್ಲ ಬರುತ್ತದೆ. ಕೊರಿಯರ್ ದುಡ್ಡು ಗಿರಾಕಿಯೇ ಕೊಟ್ಟರೂ ಇವು ನಿಮ್ಮ ತಲೆಗೇ. ಬಾಟಲಿಗೆ 20 ರೂಪಾಯಿ ಹಿಡಿಯಿರಿ. ಉಳಿಯುವುದು 70. ವೆಬ್‌ಸೈಟ್ ನೋಡಿ ಬರುವವರು ಎಲ್ಲರೂ ಪಾರ್ಸೆಲ್ ಗಿರಾಕಿಗಳೇ, ಹಾಗಾಗಿ ಇಲ್ಲಿ 90 ಮರೆತುಬಿಡಿ.

ಈಗ ಜಾಗ. ಕಳೆದ ವರ್ಷ 1,800, ಈ ವರ್ಷ ಹೆಚ್ಚೆಂದರೆ 2,500. ಅಂದರೆ ಜಾಸ್ತಿ ಮಾರಲು ನಿಮ್ಮ ಹತ್ತಿರ ಇರುವುದು 700 ಬಾಟಲಿ. ಎಷ್ಟೇ ಚಂದದ ವೆಬ್‌ಸೈಟ್ ಮಾಡಿಸಿದರೂ 701ನೇ ಬಾಟಲಿ ಮಾರಲು ಆಗುವುದಿಲ್ಲ, ಯಾಕೆಂದರೆ ಮಿಡಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಸಿಕ್ಕಿದ್ದಷ್ಟೇ. ಮಿಡಿ ಮರದಿಂದ ಇಳಿದು ಉಪ್ಪಿಗೆ ಬಿದ್ದ ಮೇಲೆ ಆ ವರ್ಷದ ವ್ಯಾಪಾರ ಎಷ್ಟು ಅನ್ನುವುದು ನಿಮ್ಮ ಭರಣಿಯೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಇದನ್ನು ಬೆಂಗಳೂರಿನ ಕಂಪನಿಯವರು ಕೇಳಿಯೇ ಇರಲಾರರು. ಟೀ ಶರ್ಟ್ ಮಾರುವವನಿಗೆ ಆರ್ಡರ್ ಬಂದ ಮೇಲೆ ಇನ್ನೊಂದು ಸಾವಿರ ಹೊಲಿಸಬಹುದು, ನಿಮಗೆ ಆ ಅನುಕೂಲ ಇಲ್ಲ.

700ಕ್ಕೆ 70ರಂತೆ 49,000. ಅಷ್ಟೂ ವೆಬ್‌ಸೈಟಿನಿಂದಲೇ ಬರುತ್ತದಾ? ಇಲ್ಲ. ಹಳೇ ಗಿರಾಕಿಗಳು ತಮ್ಮ ನಾದಿನಿಗೆ, ಪಕ್ಕದ ಫ್ಲ್ಯಾಟಿನವರಿಗೆ ಹೇಳಿ ಬರುವುದೂ ಇದೆಯಲ್ಲ. ವೆಬ್‌ಸೈಟ್ ಇಲ್ಲದೆಯೇ ಆರು ವರ್ಷ ಹಾಗೆಯೇ ಬೆಳೆದಿದ್ದೀರಿ. ನಾನು ಅರ್ಧ ವೆಬ್‌ಸೈಟಿನ ಪಾಲು ಅಂತ ಹಿಡಿಯುತ್ತೇನೆ. ಇದು ಶಾಸ್ತ್ರವಲ್ಲ, ಅಂದಾಜು, ಅದೂ ಸ್ವಲ್ಪ ಉದಾರ ಅಂದಾಜು. 24,500 ಆಯಿತು. ಇದೇ ನಿಮ್ಮ ಗಡಿ.

ಈಗ ಆ 85,000ವನ್ನು ಇದೇ ಅಳತೆಯಲ್ಲಿ ಅಳೆಯಿರಿ. ಶೇ. 18 ಜಿಎಸ್‌ಟಿ ಅಂದರೆ 15,300, ಒಟ್ಟು 1,00,300. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ಆ 15,300 ಎಲ್ಲೂ ವಾಪಸ್ ಬರುವುದಿಲ್ಲ, ಪೂರ್ತಿ ಖರ್ಚೇ. 70ರಿಂದ ಭಾಗಿಸಿದರೆ 1,433 ಬಾಟಲಿ. ನಿಮ್ಮಲ್ಲಿ ಹೆಚ್ಚುವರಿ ಇರುವುದು 700. ಆಮೇಲೆ ವರ್ಷಾ ವರ್ಷಾ ನಿರ್ವಹಣೆಗೆ ಜಿಎಸ್‌ಟಿ ಸೇರಿ 28,320, ಅಂದರೆ 405 ಬಾಟಲಿ ಅವರಿಗೇ ತೆಗೆದಿಟ್ಟ ಹಾಗೆ. ಹೆಂಗಸರಿಬ್ಬರೂ ನೀವೂ ಕೂತು ಮಿಡಿ ತೊಟ್ಟು ಸವರಿ, ಉಪ್ಪು ಹಾಕಿ, ಮಸಾಲೆ ಅರೆದು, ಅದರಲ್ಲಿ 405 ಬಾಟಲಿಯ ಲಾಭ ಯಾರೋ ಒಬ್ಬರು ವರ್ಷಕ್ಕೆರಡು ಸಲ ಅಪ್‌ಡೇಟ್ ಬಟನ್ ಒತ್ತುವುದಕ್ಕೆ.

ವೆಬ್‌ಸೈಟ್ ಮೂರು ವರ್ಷ ಬಾಳುತ್ತದೆ, ಒಂದೇ ವರ್ಷದ ಮೇಲೆ ಯಾಕೆ ಹಾಕುತ್ತೀರಿ ಅಂತ ಅವರು ಕೇಳಬಹುದು. ಮಾತು ತಪ್ಪಲ್ಲ. ದೊಡ್ಡ ಬಂಡವಾಳ ಇರುವವರು ಹಾಗೇ ಲೆಕ್ಕ ಹಾಕುತ್ತಾರೆ. ಆದರೆ ನಿಮ್ಮದು ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಉಳಿಯುವ ವ್ಯಾಪಾರ. ಅದರಿಂದ ಒಂದು ಲಕ್ಷ ಕಿತ್ತು, ಇನ್ನೂ ಕೆಲಸ ಮಾಡಿ ತೋರಿಸದ ಒಂದು ವಸ್ತುವಿನ ಮೇಲೆ ಹಾಕಿದರೆ, ಮುಂದಿನ ಫೆಬ್ರವರಿಯಲ್ಲಿ ಒಳ್ಳೆ ಮಿಡಿ ಬಂದಾಗ ಕೊಳ್ಳಲು ಕೈಯಲ್ಲಿ ದುಡ್ಡು ಇರುವುದಿಲ್ಲ. ಮಿಡಿ ಇಲ್ಲದೆ ವೆಬ್‌ಸೈಟ್ ಇಟ್ಟುಕೊಂಡು ಏನು ಮಾಡುತ್ತೀರಿ?

ಹಾಗಂತ ಆ ಕಂಪನಿಯವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ, ಡಿಸೈನರ್, ಪ್ರೋಗ್ರಾಮರ್, ಫೋನ್ ಎತ್ತುವವರು ಅಂತ ನಾಲ್ಕು ಜನಕ್ಕೆ ಸಂಬಳ ಕೊಟ್ಟು ಒಂದು ಅಂಗಡಿ ಸೈಟ್ ಮಾಡಿದರೆ 85,000 ಅನ್ಯಾಯದ ರೇಟೇನೂ ಅಲ್ಲ. ಅದು ಬೇರೆಯವರಿಗೆ ಸರಿ. ಸಕಲೇಶಪುರ ಕಡೆಯ ಹೋಮ್‌ಸ್ಟೇ ಒಂದಕ್ಕೆ ನಾನೇ 70,000 ತೆಗೆದುಕೊಂಡು ಮಾಡಿಕೊಟ್ಟಿದ್ದೇನೆ. ಅವರು ಬುಕಿಂಗ್ ಆ್ಯಪ್‌ಗೆ ಶೇ. 18 ಕಮಿಷನ್ ಕೊಡುತ್ತಿದ್ದರು. ಎರಡು ದಿನದ ಒಂದು ಬುಕಿಂಗ್ 10,000 ಅಂದರೆ 1,800 ಕೈ ಬಿಡುತ್ತಿತ್ತು. ನೇರ ಬುಕಿಂಗ್ 40 ಬಂದರೆ ನನಗೆ ಕೊಟ್ಟ ದುಡ್ಡು ವಾಪಸ್ ಬಂದ ಹಾಗೆ, ಅದು ಒಂದು ಮಳೆಗಾಲದ ವಾರಾಂತ್ಯಗಳಲ್ಲೇ ಆಯಿತು. ಅವರಿಗೆ ಒಂದು ಗಿರಾಕಿಗೆ 1,800, ನಿಮಗೆ 70. ಅದೇ ನಮ್ಮ ಬೀದಿಯ ಹಿಟ್ಟಿನ ಗಿರಣಿಯವರು ಕೇಳಿದರೆ ಒಂದು ರೂಪಾಯಿಯೂ ಬೇಡ ಅನ್ನುತ್ತೇನೆ. ಗೂಗಲ್ ಮ್ಯಾಪ್‌ನಲ್ಲಿ ಗಿರಣಿ ಎಲ್ಲಿದೆ, ಎಷ್ಟೊತ್ತಿಗೆ ತೆರೆಯುತ್ತದೆ ಅಂತ ಬಂದರೆ ಸಾಕು, ಅದು ಪುಕ್ಕಟೆ.

ಸರಿ, ಈ ದುಡ್ಡಿನಲ್ಲಿ ಯಾವ ಕೆಲಸ ಮಾಡಿಸಿಕೊಳ್ಳಬೇಕು? ನೀವು ಗಿರಾಕಿ ಸಾಲುತ್ತಿಲ್ಲ ಅಂತ ಎಲ್ಲೂ ಬರೆದಿಲ್ಲ. ಗಿರಾಕಿಗೆ ಉತ್ತರ ಕೊಟ್ಟು ಸಾಕಾಗಿದೆ ಅಂದಿದ್ದೀರಿ. ಇವೆರಡೂ ಬೇರೆ ಬೇರೆ ರೋಗ. ಔಷಧಿಯೂ ಬೇರೆ, ಬೆಲೆಯೂ ಬೇರೆ. ಒಂದು ಕೆಲಸ ಮಾಡಿ. ಕಳೆದ ಒಂದು ತಿಂಗಳ ವಾಟ್ಸಾಪ್ ತೆಗೆದು, ಜನ ಏನು ಕೇಳಿದ್ದಾರೆ ಅಂತ ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ನನ್ನ ಊಹೆ: ರೇಟೆಷ್ಟು, ಜೀರಿಗೆ ಮಿಡಿ ಇದೆಯಾ, ಯಾವ ಎಣ್ಣೆ ಹಾಕುತ್ತೀರಿ, ಖಾರ ಎಷ್ಟು, ಎಷ್ಟು ತಿಂಗಳು ಕೆಡುವುದಿಲ್ಲ, ನಮ್ಮ ಪಿನ್‌ಕೋಡಿಗೆ ಬರುತ್ತದಾ, ಯಾವತ್ತು ಕಳಿಸುತ್ತೀರಿ. ಇಷ್ಟರಲ್ಲೇ ಮುಕ್ಕಾಲು ಮೆಸೇಜ್ ಮುಗಿಯುತ್ತದೆ. ವೆಬ್‌ಸೈಟ್ ಅಂದರೆ ನಿಮಗೆ ಇವಕ್ಕೆಲ್ಲ ಒಂದೇ ಸಲ ಬರೆದಿಟ್ಟ ಉತ್ತರ. ಮೆಸೇಜ್ ಬಂದ ಕೂಡಲೇ ಆ ಕೊಂಡಿ ಕಳಿಸಿದರೆ ಆಯಿತು.

ಅದಕ್ಕೂ ಮುಂಚೆ ದುಡ್ಡಿಲ್ಲದೆ ಆಗುವ ಕೆಲಸ ಮುಗಿಸಿ. ನೀವು ಸಾಮಾನ್ಯ ವಾಟ್ಸಾಪ್ ಬಳಸುತ್ತಿದ್ದರೆ ಅದೇ ನಂಬರಿಗೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. 2018ರಿಂದ ಇದೆ, ಆ್ಯಪ್‌ಗೆ ದುಡ್ಡಿಲ್ಲ. ಅದರಲ್ಲಿ ಕ್ಯಾಟಲಾಗ್ ಇಡಬಹುದು, ಪದೇ ಪದೇ ಕೊಡುವ ಉತ್ತರಗಳನ್ನು ಉಳಿಸಿಟ್ಟು ಎರಡು ಅಕ್ಷರ ಒತ್ತಿ ಕಳಿಸಬಹುದು, ರಾತ್ರಿ ಎಂಟಾದ ಮೇಲೆ 'ನಾಳೆ ಬೆಳಿಗ್ಗೆ ಉತ್ತರಿಸುತ್ತೇವೆ' ಅಂತ ತಾನಾಗೇ ಹೋಗುವ ಹಾಗೆ ಮಾಡಬಹುದು. ದುಡ್ಡು ಬಂತು, ಪಾರ್ಸೆಲ್ ಹೋಯಿತು ಅಂತ ಒಂದೊಂದು ಮಾತುಕತೆಗೂ ಬಣ್ಣದ ಚೀಟಿ ಅಂಟಿಸಬಹುದು. ಹೊಸ ಆ್ಯಪ್‌ಗೆ ಬದಲಾಯಿಸುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ, ಆರು ವರ್ಷದ ಗಿರಾಕಿಗಳು ಅದರಲ್ಲೇ ಇದ್ದಾರೆ. ಹಾಗೇ ಗೂಗಲ್‌ನಲ್ಲಿ ಬಿಸಿನೆಸ್ ಪ್ರೊಫೈಲ್ ಮಾಡಿ. ಮನೆಗೆ ಬಂದು ಕೊಳ್ಳುವವರಿದ್ದಾರೆ ಅಂದಿರಿ, ಹಾಗಾಗಿ ನಿಮಗೆ ಅದು ಸಿಗುತ್ತದೆ. ಜೋಗ ನೋಡಲು ಬಂದವರು ಸಾಗರದಲ್ಲಿ ನಿಂತು 'ಅಪ್ಪೆಮಿಡಿ ಉಪ್ಪಿನಕಾಯಿ' ಅಂತ ಹುಡುಕುವುದನ್ನು ನಾನೇ ನೋಡಿದ್ದೇನೆ, ನಾನೂ ಹುಡುಕಿದ್ದೇನೆ. ಹತ್ತು ಜನ ಹಳೇ ಗಿರಾಕಿಗಳಿಗೆ ಫೋನ್ ಮಾಡಿ, ಅಲ್ಲಿ ನಾಲ್ಕು ಸಾಲು ಬರೆಯಿರಿ ಅಂತ ಕೇಳಿ. ಸಂಕೋಚ ಬೇಡ.

ಈಗ ಇನ್‌ಸ್ಟಾಗ್ರಾಂ ಸಾಕು ಅನ್ನುವ ನಿಮ್ಮ ತಮ್ಮನ ಮಗನ ಮಾತು. ಹುಡುಗ ಅರ್ಧ ಸರಿ. ಉಪ್ಪಿನಕಾಯಿ ಕಣ್ಣಿಗೆ ಕಂಡರೆ ಬಾಯಲ್ಲಿ ನೀರು ಬರುವ ವಸ್ತು. ಕೆಂಪು ಎಣ್ಣೆಯಿಂದ ಮಿಡಿ ಎತ್ತುವ ಹದಿನೈದು ಸೆಕೆಂಡಿನ ವಿಡಿಯೋ ಮಾಡುವ ಕೆಲಸ ಯಾವ ವೆಬ್‌ಸೈಟೂ ಮಾಡುವುದಿಲ್ಲ. ಹೊಸಬರು ಬರುವುದು ಅಲ್ಲಿಂದಲೇ, ಅವನ ಕೈಲೇ ಮಾಡಿಸಿ. ಆದರೆ ಅದು ಬಾಡಿಗೆ ಮನೆ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ ಆದಾಗ ಅಲ್ಲೇ ಗಿರಾಕಿ ಕಟ್ಟಿಕೊಂಡವರೆಲ್ಲ ರಾತ್ರೋರಾತ್ರಿ ಬೀದಿಗೆ ಬಂದರು. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆಗೆ ಒಂದು ಪುಟ್ಟ ವೆಬ್‌ಸೈಟ್ ಪುಕ್ಕಟೆ ಕೊಡುತ್ತಿದ್ದರು, ನಾನೂ ಎಷ್ಟೋ ಜನರಿಗೆ ಅದನ್ನೇ ಮಾಡಿಕೊಳ್ಳಿ ಅಂದಿದ್ದೆ. 2024ರ ಮಾರ್ಚ್‌ನಲ್ಲಿ ಅದನ್ನೂ ಮುಚ್ಚಿದರು. ಹಾಗಾಗಿ ನಿಮ್ಮದೇ ಒಂದು ವಿಳಾಸ ಇರಬೇಕು. ಬಾಟಲಿಯ ಲೇಬಲ್ ಮೇಲೆ ಅಚ್ಚು ಹಾಕಿದರೆ ಹತ್ತು ವರ್ಷ ಆದರೂ ಬದಲಾಗದ ವಿಳಾಸ. ನನ್ನ ಪ್ರಕಾರ ನಿಮ್ಮ ವೆಬ್‌ಸೈಟಿಗೆ ಸಿಗುವ ಒಳ್ಳೆಯ ಜಾಹೀರಾತು ಆ ಲೇಬಲ್ಲೇ. ಬಾಟಲಿ ಖಾಲಿ ಆಗುವ ದಿನ ಅದು ಅಡುಗೆಮನೆಯಲ್ಲಿ ಗಿರಾಕಿಯ ಕಣ್ಣೆದುರೇ ಇರುತ್ತದೆ, ಅಲ್ವಾ?

ಕಾರ್ಟ್ (ಸೈಟಿನಲ್ಲೇ ಬಾಟಲಿ ಆರಿಸಿ ಆರ್ಡರ್ ಹಾಕುವ ಬುಟ್ಟಿ), ಆನ್‌ಲೈನ್ ಪೇಮೆಂಟ್ ಈ ವರ್ಷ ಬೇಡ. ಇದನ್ನು ಹೇಳಿದರೆ ನನ್ನ ಜೊತೆ ಕೆಲಸ ಮಾಡುವ ಹುಡುಗರೇ ಜಗಳಕ್ಕೆ ಬರುತ್ತಾರೆ. ಆದರೆ ನೋಡಿ, ಸೈಟಿನಲ್ಲಿ ದುಡ್ಡು ಕಟ್ಟಿಸಿಕೊಡುವ ಪೇಮೆಂಟ್ ಗೇಟ್‌ವೇಯವರು ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಹಿಡಿಯುತ್ತಾರೆ. ಎರಡು ಬಾಟಲಿಯ 640 ರೂಪಾಯಿಗೆ 15 ರೂಪಾಯಿ ಹೋಯಿತು, ಬಾಟಲಿಗೆ ಏಳೂವರೆ. ನಿಮ್ಮ ಯುಪಿಐ ಕ್ಯೂಆರ್ ಕಳಿಸಿ ದುಡ್ಡು ಹಾಕಿಸಿಕೊಂಡರೆ ಅದೂ ಉಳಿಯಿತು, 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿಯ ಮೇಲೆ ಎಂಡಿಆರ್ (ದುಡ್ಡು ಪಡೆಯಲು ವ್ಯಾಪಾರಿ ಕೊಡುವ ಶುಲ್ಕ) ಇಲ್ಲ. ಕಾರ್ಟ್ ಇಟ್ಟರೆ ಸ್ಟಾಕ್ ಲೆಕ್ಕ, ಪಿನ್‌ಕೋಡ್‌ವಾರು ಕೊರಿಯರ್ ದರ, ದುಡ್ಡು ಕಟ್ ಆಯಿತು ಆರ್ಡರ್ ಬರಲಿಲ್ಲ ಅನ್ನುವ ಜಗಳ, ಇವೆಲ್ಲ ಬರುತ್ತವೆ. 9,000ದ ಸೈಟ್ 40,000 ಆಗುವುದು ಇಲ್ಲೇ. ದಿನಕ್ಕೆ ಏಳೆಂಟು ಆರ್ಡರ್ ಇದ್ದಾಗ ವಾಟ್ಸಾಪ್ ಸಾಕು. ದಿನಕ್ಕೆ ಇಪ್ಪತ್ತೈದು ಮೂವತ್ತು ಆದಾಗ ಕೈಯಿಂದ ಆಗುವುದಿಲ್ಲ, ಆಗ ಕಾರ್ಟ್ ಬಗ್ಗೆ ಯೋಚಿಸಿ. ಶಾಪಿಫೈ ತರಹದ ತಿಂಗಳ ಬಾಡಿಗೆ ಅಂಗಡಿಗಳನ್ನೂ ಆಗಲೇ ನೋಡಿ. ತಿಂಗಳಿಗೆ ಸುಮಾರು ಒಂದೂವರೆಯಿಂದ ಎರಡು ಸಾವಿರ ಅಂದರೆ ವರ್ಷಕ್ಕೆ 18,000ದಿಂದ 24,000. ನಿಮ್ಮ 250 ಬಾಟಲಿಗಿಂತ ಜಾಸ್ತಿ.

ಆ ಕಂಪನಿಯ ಕೊಟೇಶನ್ ನೀವು ಕಳಿಸಿಲ್ಲ, ಆದರೂ ಇಂಥವನ್ನು ತುಂಬ ಓದಿದ್ದೇನೆ. ಅದರಲ್ಲಿ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸೈಟಿಗೆ ಹೋಗಿಬರುವ ಮಾಹಿತಿಗೆ ಹಾಕುವ ಬೀಗ) ಅಂತ ಐದಾರು ಸಾವಿರ ಹಾಕಿದ್ದರೆ ತೆಗೆಸಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ, ಒಳ್ಳೆ ಹೋಸ್ಟಿಂಗ್‌ನವರು (ಸೈಟ್ ಇಡಲು ಕಂಪ್ಯೂಟರಿನಲ್ಲಿ ಜಾಗ ಬಾಡಿಗೆಗೆ ಕೊಡುವವರು) ತಾವೇ ಹಾಕಿಕೊಟ್ಟಿರುತ್ತಾರೆ. 'ಎಸ್‌ಇಒ' (ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವ ಕೆಲಸ) ಅಂತ ಒಂದು ಸಾಲಿದ್ದು ಅದರ ಮುಂದೆ 15,000 ಇದ್ದರೆ, ಅಂದರೆ ಏನು ಮಾಡುತ್ತೀರಿ ಅಂತ ಕೇಳಿ. ಗೂಗಲ್‌ನಲ್ಲಿ ಮೊದಲನೇ ಜಾಗ ಗ್ಯಾರಂಟಿ ಅಂದರೆ ಅಲ್ಲಿಗೇ ನಮಸ್ಕಾರ ಹೇಳಿ ಎದ್ದು ಬನ್ನಿ, ಆ ಗ್ಯಾರಂಟಿ ಯಾರೂ ಕೊಡಲು ಆಗುವುದಿಲ್ಲ. ನಿಮ್ಮ ವಿಷಯದಲ್ಲಿ ಆ ಕೆಲಸ ಮಾಡಬೇಕಾದವರು ನೀವೇ. ಅನಂತಭಟ್ಟನ ಅಪ್ಪೆ ಅನ್ನುವ ತಳಿಗೂ ಜೀರಿಗೆ ಮಿಡಿಗೂ ವ್ಯತ್ಯಾಸ ಏನು, ಸೊನೆ ಯಾಕೆ ಮುಖ್ಯ, ಯಾವುದು ಎಷ್ಟು ದಿನಕ್ಕೆ ಹದಕ್ಕೆ ಬರುತ್ತದೆ, ಮೇಲೆ ಬಿಳಿ ಬಂದರೆ ಏನು ಮಾಡಬೇಕು. ಇದನ್ನು ನೀವು ಮಾತಾಡುವ ಹಾಗೆಯೇ ಕನ್ನಡದಲ್ಲಿ ಬರೆಯಿರಿ, ಯಾರ ಕೈಲಾದರೂ ಇಂಗ್ಲಿಷಿಗೂ ಮಾಡಿಸಿ. ಬೆಂಗಳೂರಿನಲ್ಲಿ ಕೂತು ಬರೆಯುವ ಹುಡುಗಿಗೆ ಇದು ಗೊತ್ತಿರುವುದಿಲ್ಲ. ಅವಳು 'ಅಜ್ಜಿಯ ಕೈರುಚಿ, ಮಲೆನಾಡಿನ ಸೊಗಡು' ಅಂತ ಬರೆದುಕೊಡುತ್ತಾಳೆ. ಅದನ್ನು ಓದಿ ಯಾರೂ 320 ರೂಪಾಯಿ ಕೊಡುವುದಿಲ್ಲ.

ಸಾಗರದ ಹುಡುಗನಿಗೇ ಕೆಲಸ ಕೊಡಿ. ಆದರೆ ಕಣ್ಣು ಮುಚ್ಚಿ ಅಲ್ಲ. ಅವನು ಮಾಡಿದ ಮೂರು ಸೈಟ್ ಕೇಳಿ, ನಿಮ್ಮ ಹಳ್ಳಿಯಲ್ಲಿ, ನಿಮ್ಮದೇ ಫೋನಿನಲ್ಲಿ, ವೈಫೈ ಆಫ್ ಮಾಡಿ ತೆರೆದು ನೋಡಿ. ಎರಡು ಕಡ್ಡಿ ಸಿಗ್ನಲ್‌ನಲ್ಲಿ ಐದು ಸೆಕೆಂಡಿನಲ್ಲಿ ಬೆಲೆ ಕಾಣಬೇಕು. ಚಿತ್ರ ತಿರುಗುತ್ತಾ ಬರುವುದು, ಹೂವು ಉದುರುವುದು ಇದೆಲ್ಲ ಇದ್ದರೆ ಬೇಡ ಅನ್ನಿ. ಆ ಮೂವರಲ್ಲಿ ಒಬ್ಬರಿಗಾದರೂ ಫೋನ್ ಮಾಡಿ, 'ಮಾಡಿಕೊಟ್ಟ ಮೇಲೆ ಫೋನ್ ಎತ್ತುತ್ತಾನಾ?' ಅಂತ ಕೇಳಿ. ದುಡ್ಡು ಮೂರು ಕಂತಿನಲ್ಲಿ ಕೊಡಿ, ಕೊನೆಯದು ಸೈಟ್ ತೆರೆದು ಹದಿನೈದು ದಿನ ಆದ ಮೇಲೆ. ಮತ್ತೆ 9,000ವನ್ನು 7,000ಕ್ಕೆ ಇಳಿಸಬೇಡಿ. ಅವನು ನಿಮ್ಮೂರಿನವನು, ನವೆಂಬರ್‌ನಲ್ಲಿ ಬೆಲೆ ಬದಲಿಸಬೇಕು ಅಂದಾಗ ಬೈಕ್ ಹತ್ತಿ ಬರಬೇಕಾದವನು ಅವನೇ.

ಡೊಮೇನ್ (ಅಂದರೆ ಸೈಟಿನ ವಿಳಾಸ) ಮಾತ್ರ ಅವನ ಕೈಗೆ ಕೊಡಬೇಡಿ, ಯಾರ ಕೈಗೂ ಕೊಡಬೇಡಿ. ಇದನ್ನು ಹೇಳುವಾಗ ನನಗೆ ಈಗಲೂ ನಾಚಿಕೆ. ನಾನು ಕೆಲಸ ಶುರು ಮಾಡಿದ ಹೊಸತರಲ್ಲಿ ಎಲ್ಲ ಗಿರಾಕಿಗಳ ಡೊಮೇನನ್ನೂ ನನ್ನ ಹೆಸರಲ್ಲೇ, ನನ್ನ ಈಮೇಲಿನಲ್ಲೇ ಕೊಳ್ಳುತ್ತಿದ್ದೆ, ಅನುಕೂಲ ಅಂತ. ಒಂದು ವರ್ಷ ಕಾರ್ಡ್ ಬದಲಾಯಿತು, ನವೀಕರಣದ ಮೇಲ್ ಸ್ಪ್ಯಾಮ್‌ಗೆ ಬಿತ್ತು, ಒಬ್ಬ ಕಾಫಿಪುಡಿ ಅಂಗಡಿಯವರ ವಿಳಾಸ ಕೈತಪ್ಪಿತು. ಹತ್ತು ಸಾವಿರ ಪೊಟ್ಟಣದ ಮೇಲೆ ಅಚ್ಚಾಗಿದ್ದ ವಿಳಾಸ. ಬೇರೆ ಯಾರೋ ಅದನ್ನು ಕೊಂಡು ಜೂಜಿನ ಜಾಹೀರಾತು ಹಾಕಿದರು. ಅವರು ನನ್ನನ್ನು ಬೈಯಲಿಲ್ಲ, ಅದು ಇನ್ನೂ ಕಷ್ಟ. ಅವತ್ತಿನಿಂದ ಡೊಮೇನ್ ಗಿರಾಕಿಯ ಹೆಸರಲ್ಲಿ, ಗಿರಾಕಿಯ ಈಮೇಲಿನಲ್ಲಿ, ಗಿರಾಕಿಯ ಕಾರ್ಡಿನಿಂದಲೇ. ನೀವೂ ಹಾಗೇ ಮಾಡಿ. ಡಾಟ್ ಇನ್ ಅಥವಾ ಡಾಟ್ ಕಾಮ್, ವರ್ಷಕ್ಕೆ ಸಾವಿರದ ಆಸುಪಾಸು. ಮೊದಲ ವರ್ಷ 99 ರೂಪಾಯಿ ಅಂತ ಆಸೆ ತೋರಿಸುತ್ತಾರೆ, ಎರಡನೇ ವರ್ಷದ ದರ ನೋಡಿ ಕೊಳ್ಳಿ. ಹೋಸ್ಟಿಂಗಿಗೂ ಇದೇ ಮಾತು.

ದುಡ್ಡು ಹೀಗೆ ಹಂಚುತ್ತೇನೆ: ಡೊಮೇನ್ 1,000, ಹೋಸ್ಟಿಂಗ್ 4,000, ಹುಡುಗನಿಗೆ 9,000, ಫೋಟೋಗೆ 5,000, ಪಾರ್ಸೆಲ್ ಪರೀಕ್ಷೆಗೆ 2,000, ವರ್ಷದ ಮಧ್ಯೆ ಬದಲಾವಣೆ ಮಾಡಿಸಲು ಹುಡುಗನಿಗೇ ಇನ್ನೊಂದು 3,500. ಒಟ್ಟು 24,500.

ಫೋಟೋಗೆ ಐದು ಸಾವಿರವಾ ಅನ್ನಬೇಡಿ. ಸಾಗರದಲ್ಲೋ ಶಿವಮೊಗ್ಗದಲ್ಲೋ ಮದುವೆ ಫೋಟೋ ತೆಗೆಯುವವರನ್ನು ಮುಹೂರ್ತ ಇಲ್ಲದ ದಿನ ಕರೆಸಿ, ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ ಜಗಲಿಯ ಮೇಲೆ ಬಾಟಲಿ ಇಟ್ಟು ತೆಗೆಸಿ. ಭರಣಿ, ಮಿಡಿ, ಮೆಣಸು ಹುರಿಯುವುದು, ನಿಮ್ಮ ಕೈ. ಈ ಫೋಟೋ ವೆಬ್‌ಸೈಟಿಗೂ, ಕ್ಯಾಟಲಾಗಿಗೂ, ಇನ್‌ಸ್ಟಾಗ್ರಾಂಗೂ, ಲೇಬಲಿಗೂ ಆಗುತ್ತದೆ. ವೆಬ್‌ಸೈಟ್ ಹಳತಾದರೂ ಫೋಟೋ ಉಳಿಯುತ್ತದೆ.

ಪಾರ್ಸೆಲ್ ಪರೀಕ್ಷೆ ಅಂದರೆ ಏನು? ಹೊಸ ಪೆಟ್ಟಿಗೆಯಲ್ಲಿ ಬಾಟಲಿ ಇಟ್ಟು ಬೆಂಗಳೂರು, ಕಲಬುರಗಿ, ಮಂಗಳೂರು ಕಡೆ ಪರಿಚಯದವರಿಗೆ ಹತ್ತು ಪಾರ್ಸೆಲ್ ಕಳಿಸಿ, ಒಡೆಯಿತಾ, ಎಣ್ಣೆ ಸೋರಿತಾ ಅಂತ ಫೋಟೋ ತರಿಸಿಕೊಳ್ಳಿ. ಸ್ಪೀಡ್ ಪೋಸ್ಟಿನಲ್ಲಿ ಐದು, ಕೊರಿಯರಿನಲ್ಲಿ ಐದು. ಮುಚ್ಚಳದ ಕೆಳಗೆ ಸೀಲು ಹಾಕಿದ್ದು ಐದು, ಹಾಕದ್ದು ಐದು. ವೆಬ್‌ಸೈಟ್ ನೋಡಿ ಬರುವ ಗಿರಾಕಿ ನಿಮ್ಮ ಪರಿಚಯದವರಲ್ಲ. ಪರಿಚಯದವರು ಎಣ್ಣೆ ಸೋರಿದರೆ ಒರೆಸಿಕೊಂಡು ಸುಮ್ನಿರುತ್ತಾರೆ. ಹೊಸಬರು ಫೋಟೋ ತೆಗೆದು ಒಂದು ಸ್ಟಾರ್ ಕೊಟ್ಟು ಗೂಗಲ್‌ನಲ್ಲಿ ಹಾಕುತ್ತಾರೆ. ನಾನು ನೋಡಿದ ತಿನಿಸಿನ ಸೈಟುಗಳಲ್ಲಿ ಮುಚ್ಚಿಹೋದವು ಹೆಚ್ಚಾಗಿ ಡಿಸೈನ್ ಕೆಟ್ಟಿದ್ದಕ್ಕಲ್ಲ, ಪ್ಯಾಕಿಂಗ್ ಕೆಟ್ಟಿದ್ದಕ್ಕೆ. ಕ್ಯಾಶ್ ಆನ್ ಡೆಲಿವರಿ ಕೊಡಲೇಬೇಡಿ, ಬಾಗಿಲು ತೆರೆಯದ ಗಿರಾಕಿಯಿಂದ ಬಾಟಲಿ ವಾಪಸ್ ಬರುವಷ್ಟರಲ್ಲಿ ಎರಡು ಕಡೆಯ ಸಾಗಣೆ ನಿಮ್ಮ ತಲೆಗೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೆ ಕಾಗದದಲ್ಲಿ 'ಪುಣೆ' ಅಂತ ಓದಿದಾಗಲೇ ನನಗೆ ಚುರುಕ್ ಅಂತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಅನ್ನುವುದು ನಿಜ. ಆದರೆ ಅದು ರಾಜ್ಯದ ಒಳಗೆ. ಹೊರರಾಜ್ಯಕ್ಕೆ ಇಂಥ ಸರಕು ಮಾರಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ನೋಂದಣಿ ಬೇಕು. ಸಣ್ಣ ವ್ಯಾಪಾರಿಗಳು ಒಟ್ಟು ವ್ಯಾಪಾರದ ಮೇಲೆ ಇಷ್ಟು ಅಂತ ಕಡಿಮೆ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿದ್ದವರಂತೂ ಹೊರರಾಜ್ಯಕ್ಕೆ ಮಾರುವ ಹಾಗೇ ಇಲ್ಲ. ವಾಟ್ಸಾಪ್‌ನಲ್ಲಿ ನಾಲ್ಕು ಬಾಟಲಿ ಹೋಗುವಾಗ ಯಾರೂ ಗಮನಿಸುವುದಿಲ್ಲ ಅಂತ ನೀವು ಅಂದುಕೊಂಡಿರಬಹುದು, ಆದರೆ ವೆಬ್‌ಸೈಟ್ ಅಂದರೆ 'ಇಡೀ ಭಾರತಕ್ಕೆ ಕಳಿಸುತ್ತೇವೆ' ಅಂತ ಬೋರ್ಡ್ ಹಾಕಿದ ಹಾಗೆ. ಸಾಗರದಲ್ಲಿ ನಿಮ್ಮ ಲೆಕ್ಕ ನೋಡುವವರು ಯಾರಿದ್ದಾರೋ ಅವರ ಹತ್ತಿರ ಕೂತು ಮಾತಾಡಿ. ನೋಂದಣಿ ಮಾಡಿಸಿದರೆ ಪ್ರತಿ ತಿಂಗಳೋ ಮೂರು ತಿಂಗಳಿಗೋ ರಿಟರ್ನ್ ಹಾಕಲು ಅವರ ಫೀಸು, ಅದೂ ಆ 70 ರೂಪಾಯಿಯಿಂದಲೇ ಹೋಗಬೇಕು. ಅಲ್ಲಿಯವರೆಗೆ ಸೈಟಿನಲ್ಲಿ 'ಕರ್ನಾಟಕದ ಒಳಗೆ ಮಾತ್ರ' ಅಂತ ಬರೆಸಿ. ಬಾಟಲಿಯ ಬೆಲೆ, ತೂಕ, ತಯಾರಿಸಿದವರ ಹೆಸರು ವಿಳಾಸ ಸೈಟಿನಲ್ಲೂ ಕಾಣಬೇಕು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿ. ಒಡೆದರೆ ಏನು ಮಾಡುತ್ತೀರಿ, ದೂರು ಇದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಇರಲಿ. ಆನ್‌ಲೈನ್ ವ್ಯಾಪಾರಕ್ಕೆ 2020ರಿಂದ ಗ್ರಾಹಕ ರಕ್ಷಣೆಯ ನಿಯಮಗಳೇ ಇವೆ. ಈ ಬರಹವನ್ನು ಬೇರೆ ಸೈಟಿನಿಂದ ನಕಲು ಮಾಡಿ ಹಾಕಿದರೆ ಅವರ ಅಂಗಡಿ ಹೆಸರೂ ಬಂದುಬಿಡುತ್ತದೆ, ನೋಡಿದ್ದೇನೆ.

ಮುಂದಿನ ಜನವರಿಯಲ್ಲಿ ಒಂದು ಸಲ ಲೆಕ್ಕ ನೋಡಿ. ಅದಕ್ಕೆ ಈಗಿನಿಂದಲೇ ಹೊಸ ಗಿರಾಕಿ ಬಂದಾಗಲೆಲ್ಲ 'ನಮ್ಮ ಬಗ್ಗೆ ಎಲ್ಲಿ ಗೊತ್ತಾಯಿತು?' ಅಂತ ಕೇಳಿ ನೋಟ್‌ಬುಕ್‌ನಲ್ಲಿ ಬರೆದಿಡಬೇಕು. ಸೈಟ್ ನೋಡಿ ಬಂದವರು 350 ಬಾಟಲಿ ಒಯ್ದಿದ್ದರೆ ಅದು ತನ್ನ ದುಡ್ಡು ತಾನು ದುಡಿಯಿತು. 150 ಅಂದರೆ ಫೋಟೋ, ಬರಹ ಬದಲಿಸಿ ನೋಡಿ, ಹೊಸ ದುಡ್ಡು ಹಾಕಬೇಡಿ. ಡಿಸೆಂಬರ್‌ಗೇ 2,500 ಖಾಲಿ ಆಗಿ, ಜನ ಇನ್ನೂ ಕೇಳುತ್ತಿದ್ದರೆ, ಸಿಕ್ಕ ದುಡ್ಡನ್ನು ಮೊದಲು ಮಿಡಿಗೆ ಹಾಕಿ, ಆಮೇಲೆ ಕಾರ್ಟಿಗೆ.

ಕೊನೆಗೆ ಹೆಸರು. ಕನ್ನಡದಲ್ಲೇ ವಿಳಾಸ ಇಡಬಹುದು, ಕನ್ನಡ ಲಿಪಿಯ ಡಾಟ್ ಭಾರತ ಇದೆ. ಖುಷಿಗೆ ಒಂದು ಕೊಂಡಿಟ್ಟುಕೊಳ್ಳಿ, ನಾನೂ ಕೊಂಡಿದ್ದೇನೆ. ಆದರೆ ಲೇಬಲ್ ಮೇಲೆ ಇಂಗ್ಲಿಷ್ ಅಕ್ಷರದ್ದೇ ಇರಲಿ, ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳದವರೇ ಜಾಸ್ತಿ. ಅದರಲ್ಲೂ 'ಉಪ್ಪಿನಕಾಯಿ' ಅನ್ನುವ ಪದ ಬೇಡ. ಹತ್ತು ಜನಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೇಳಿ, ಏಳು ತರಹ ಬರೆಯುತ್ತಾರೆ. 'ಮಿಡಿ' ಅನ್ನುವುದನ್ನು ಎಲ್ಲರೂ ಹೆಚ್ಚುಕಮ್ಮಿ ಒಂದೇ ರೀತಿ ಬರೆಯುತ್ತಾರೆ. ನಾಲ್ಕೈದು ಹೆಸರು ಆರಿಸಿ, ಬೆಂಗಳೂರಿನಲ್ಲಿರುವ ಯಾರಿಗಾದರೂ ಫೋನ್ ಮಾಡಿ, ಬಾಯಲ್ಲಿ ಒಂದೇ ಸಲ ಹೇಳಿ, ಟೈಪ್ ಮಾಡಿ ಕಳಿಸಲು ಹೇಳಿ. ಸ್ಪೆಲಿಂಗ್ ಕೇಳದೆ ಸರಿಯಾಗಿ ಬರೆದು ಕಳಿಸಿದ್ದು ಯಾವುದೋ ಅದನ್ನು ಅವತ್ತೇ ನಿಮ್ಮ ಹೆಸರಲ್ಲಿ ಕೊಂಡುಬಿಡಿ.